ಯಾರಿಗೂ ಬಾಗಿಲು ಮುಚ್ಚದ ನಾಡು

ಆಗಸ್ಟ್ 22, 1966, ಸೋಮವಾರ

ಶಾಲೆ ಶುರುವಾಗಲು ಇನ್ನೂ ಆರು ವಾರವಿದೆ ಅನ್ನುವಾಗ ಸೆತ್ತಿಮಿಯೊ ಬಂದು ಕೆಲಸ ಹಚ್ಚಿ ಹೋದ. ಚಿಕ್ಕಂದಿನಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತು ಜಡೆ ಎಳೆಯುತ್ತಿದ್ದವನು ಈಗ ಪ್ರವಾಸಿ ಮಂಡಳಿಯ ದೊಡ್ಡ ಮೇಜಿನ ಹಿಂದೆ ಕೂರುತ್ತಾನೆ. ಸಾನ್ ಮರಿನೊ ನೋಡಲು ಬರುವವರಿಗೆ ಮೂವತ್ತೆರಡು ಪುಟದ ಒಂದು ಕೈಪಿಡಿ ಬೇಕಂತೆ. ಬರೆಯುವವಳು ನಾನು. ಆಮೇಲೆ ನಾಲ್ಕು ಭಾಷೆಗೆ ಅನುವಾದ ಮಾಡಿಸುತ್ತಾರಂತೆ.

"ಪಾಠದ ಥರ ಬರೀಬೇಡ ಮಾರಾಯ್ತಿ," ಅಂದ. "ಓದಿದವನು ಚೀಲ ತಗೊಂಡು ಬಸ್ಸು ಹತ್ತಬೇಕು, ಹಾಗಿರ್ಲಿ. ಮೊದಲ ಪುಟದಲ್ಲಿ ಈ ಸಾಲು ಇರಲೇಬೇಕು, ಬರ್ಕೋ. ಕಷ್ಟದಲ್ಲಿ ಬಂದ ಯಾರಿಗೂ ಈ ಪುಟ್ಟ ನಾಡು ಎಂದೂ ಬಾಗಿಲು ಮುಚ್ಚಿಲ್ಲ."

ಅಮ್ಮ ಹೊಸ್ತಿಲ ಬಳಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. "ಅಂಗೈಯಗಲದ ದೇಶಕ್ಕೆ ಮೂವತ್ತೆರಡು ಪುಟವೇನೋ? ಒಂದು ಪುಟ ಬರ್ದು ಮಿಕ್ಕಿದ್ದಕ್ಕೆಲ್ಲ ನಿನ್ನ ಹೊಟ್ಟೆಯ ಚಿತ್ರ ಹಾಕು, ತುಂಬ್ತದೆ," ಅಂದಳು. ಸೆತ್ತಿಮಿಯೊ ಆ ಹೊಟ್ಟೆಯನ್ನೇ ಕುಲುಕಿಸಿ ನಕ್ಕ.

ಸಾಲನ್ನು ಬರೆದುಕೊಂಡೆ. ಅಕ್ಷರ ನೆಟ್ಟಗೆ ಬರಲಿಲ್ಲ. ಪೆನ್ನಿನ ಮುಳ್ಳು ಬದಲಿಸಬೇಕು.

ಆಗಸ್ಟ್ 26, ಶುಕ್ರವಾರ

ನಾಲ್ಕು ದಿನದಲ್ಲಿ ಹದಿನೆಂಟು ಪುಟ. ವಿಸ್ತೀರ್ಣ ಅರವತ್ತೊಂದು ಚದರ ಕಿಲೋಮೀಟರು. ಬರುವ ದಾರಿ, ಇಟಲಿಯ ರಿಮಿನಿ ಕಡಲತೀರದಿಂದ ಬಸ್ಸು. ನೋಡಬೇಕಾದದ್ದು, ಬೆಟ್ಟದ ನೆತ್ತಿಯ ಮೂರು ಕೋಟೆ; ಮೋಡವಿಲ್ಲದಿದ್ದರೆ ಸಮುದ್ರ. ಕೊಳ್ಳಬೇಕಾದದ್ದು, ಅಂಚೆಚೀಟಿ. ಆಳುವವರು ಇಬ್ಬರು, ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಇದನ್ನು ಓದಿ ಹೇಳಿದಾಗ ಅಮ್ಮ, "ಆರು ತಿಂಗಳಿಗಿಂತ ಹೆಚ್ಚು ಯಾರನ್ನೂ ನಂಬಬಾರದು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು, ಅದನ್ನೂ ಬರಿ," ಅಂದಳು. ಬರೆಯಲಿಲ್ಲ.

ಯುದ್ಧದ ಭಾಗವೊಂದು ಬಾಕಿ. ಅರ್ಧ ಪುಟ ಸಾಕು. ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ರೈಲು ಸುರಂಗಗಳಲ್ಲಿ, ಚರ್ಚುಗಳಲ್ಲಿ, ದನದ ಕೊಟ್ಟಿಗೆಗಳಲ್ಲಿ ಸುಮಾರು ಒಂದು ಲಕ್ಷ ನಿರಾಶ್ರಿತರು ಇದ್ದರು ಅಂತ ಹಾಕಿದರೆ ಮುಗಿಯಿತು.

ಫೋಟೊ ತೆಗೆಯುವವನಿಗೆ ಸುರಂಗ ತೋರಿಸಲು ಬಾ ಎಂದು ಸೆತ್ತಿಮಿಯೊ ಹೇಳಿ ಕಳಿಸಿದ್ದ. ಮೊಣಕಾಲು ನೋವು ಅಂದೆ. ಆ ದಾರಿಯಲ್ಲಿ ನಾನು ಹೋಗುವುದಿಲ್ಲ. ಶಾಲೆಗೆ ಹೋಗುವುದೂ ಮೇಲಿನ ಇನ್ನೂರು ಮೆಟ್ಟಿಲು ಹತ್ತಿಯೇ. ಹತ್ತಿದರೆ ಮೊಣಕಾಲಿಗೆ ಒಳ್ಳೆಯದು.

ಸೆಪ್ಟೆಂಬರ್ 1, ಗುರುವಾರ

ಈ ವರ್ಷ ಅವಳು ಬೇಗ ಬಂದಳು.

ಬೆಟ್ಟದ ಕೆಳಗಿನ ಬೊರ್ಗೊ ಪೇಟೆಯ ಸಂತೆಯಲ್ಲಿ ಈರುಳ್ಳಿ ಆರಿಸುತ್ತಿದ್ದೆ. ತಲೆ ಎತ್ತಿದರೆ ಎದುರಿನ ಅಂಗಡಿಯ ಮುಂದೆ ನಿಂತಿದ್ದಳು. ನೀಲಿ ತಲೆವಸ್ತ್ರ, ಕಂಕುಳಲ್ಲಿ ಮಗು, ನನ್ನ ಕಡೆಗೆ ಬೆನ್ನು. ಯಾವಾಗಲೂ ಬೆನ್ನೇ. ಸಾಮಾನ್ಯವಾಗಿ ಕಣಿವೆಯಿಂದ ಮಂಜು ಏರತೊಡಗಿದ ಮೇಲೆ ಬರುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಒಂದು ಸಲ ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ, ಒಂದು ಸಲ ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲಿ. ಒಮ್ಮೆ ಶಾಲೆಯ ಗೇಟಿನಾಚೆ ನಿಂತಿದ್ದಳು, ಆವತ್ತು ಪಕ್ಕದಲ್ಲಿ ಹುಡುಗಿಯೂ ಇದ್ದಳು. ನಾನು ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಶೇಷ ಎಷ್ಟು ಅನ್ನುವುದು ಮರೆತುಹೋಯಿತು.

ಒಂದೇ ಒಂದು ಸಲ ಧೈರ್ಯ ಮಾಡಿ ಮುಂದೆ ಹೋಗಿ ಮುಖ ನೋಡಿದ್ದೆ. ಅಂಚೆಯವನ ಹೆಂಡತಿ. "ಏನು ಟೀಚರ್, ಹುಷಾರಿಲ್ವಾ?" ಅಂದಳು. ಅದರಿಂದ ಯಾವ ಸಮಾಧಾನವೂ ಆಗಲಿಲ್ಲ.

ಈರುಳ್ಳಿ ಅಲ್ಲೇ ಬಿಟ್ಟು ಬಂದೆ.

ಸೆಪ್ಟೆಂಬರ್ 4, ಭಾನುವಾರ

ನಿನ್ನೆ ಸಂತ ಮರಿನೊನ ಹಬ್ಬ. ಅಡ್ಡಬಿಲ್ಲಿನ ಪಂದ್ಯ, ಮೆರವಣಿಗೆ, ಮದ್ಯ, ಎಲ್ಲ ಮುಗಿಸಿ ಸೆತ್ತಿಮಿಯೊ ಇವತ್ತು ತಲೆನೋವಿನ ಸಮೇತ ಊಟಕ್ಕೆ ಬಂದ.

"ಮೊದಲ ಪುಟಕ್ಕೆ ಚಿನ್ನದಂಥ ಸರಕು ಸಿಕ್ತು ಡೆಲ್ಫಿನಾ," ಅಂದ. ರಿಮಿನಿಯಿಂದ ಪ್ರತಿ ಗುರುವಾರ ಬರುವ ಪ್ರವಾಸಿ ಬಸ್ಸಿಗೆ ಒಬ್ಬಳು ಗೈಡ್ ಇದ್ದಾಳಂತೆ, ಹೆಸರು ಒನೊರಿನಾ. ಯುದ್ಧದ ಕಾಲಕ್ಕೆ ಏಳು ವರ್ಷದವಳು. ಗಡಿಯಾಚೆ, ಕೊಂಕಾ ಹೊಳೆಯ ದಂಡೆಯ ಹಳ್ಳಿಯಿಂದ ಅಮ್ಮ ಮತ್ತು ಕೈಗೂಸು ತಮ್ಮನ ಜೊತೆ ನಡೆದು ಬಂದವಳು. ಸುರಂಗದ ಬಾಗಿಲಲ್ಲಿ ತೋಳಿಗೆ ಬಿಳಿ ಪಟ್ಟಿ ಕಟ್ಟಿದ್ದ ಹುಡುಗಿಯೊಬ್ಬಳು ಅವಳ ಕೈಗೆ ರೊಟ್ಟಿ ಇಟ್ಟಳಂತೆ. "ಅದನ್ನ ಅವಳ ಬಾಯಲ್ಲಿ ಕೇಳ್ಬೇಕು ನೀನು. ಬಸ್ಸಲ್ಲಿರೋ ಗಂಡಸ್ರೂ ಕಣ್ಣು ಒರೆಸ್ಕೋತಾರೆ."

"ಅವಳ ಅಮ್ಮ? ತಮ್ಮ?"

"ಪಾಪ, ಇಬ್ಬರೂ ಹೋದ್ರಂತೆ. ಇನ್ನೊಂದು ಸುರಂಗಕ್ಕೆ ಹೋಗ್ತಿದ್ದಾಗ ತಿರುವಿನಲ್ಲಿ ಶೆಲ್ ಬಿತ್ತಂತೆ. ಅದನ್ನ ಹಾಕೋದು ಬೇಡ. ರಜಾಕ್ಕೆ ಬರೋರಿಗೆ ರೊಟ್ಟಿ ಸಾಕು. ಗುರುವಾರ ಹೋಗಿ ಮಾತಾಡ್ಸು."

ಅಮ್ಮ ಎದ್ದು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಯಾರದೂ ಊಟ ಮುಗಿದಿರಲಿಲ್ಲ.

ಇಷ್ಟು ವರ್ಷ ಸತ್ತವರು ಮೂವರು ಎಂದು ಎಣಿಸಿಕೊಂಡಿದ್ದೆ. ಇಬ್ಬರು.

ಸೆಪ್ಟೆಂಬರ್ 5, ಸೋಮವಾರ

ಬರೆದುಬಿಡುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ.

ನನಗೆ ಆಗ ಹತ್ತೊಂಬತ್ತು, ತೋಳಿಗೆ ಸ್ವಯಂಸೇವಕಿಯರ ಬಿಳಿ ಪಟ್ಟಿ. ಸುರಂಗದ ಬಾಗಿಲು ಅಂದರೆ ನಾಲ್ಕು ಹಲಗೆ ಮತ್ತು ಗೋಣಿತಾಟು. ಬಂದವರ ಹೆಸರು ಬರೆದುಕೊಳ್ಳುವುದು, ಜಾಗ ತುಂಬಿದಾಗ ತುಂಬಿದೆ ಅನ್ನುವುದು ನನ್ನ ಕೆಲಸ. ಒಳಗೆ ಹೇನು, ಹೊಗೆ, ಕೆಮ್ಮು, ಎರಡು ಕತ್ತೆ. ಹಿಂದಿನ ದಿನವಷ್ಟೇ ಒಂದು ಹೆರಿಗೆಯೂ ಆಗಿತ್ತು. ಬಾಗಿಲಿನಿಂದ ಹತ್ತು ಹೆಜ್ಜೆ ಒಳಗೆ ಅಮ್ಮ ಜಾಗ ಹಿಡಿದಿದ್ದಳು. ನಾವಿಬ್ಬರೇ. ಆದರೆ ಎರಡು ಹಾಸಿಗೆ, ಬಟ್ಟೆಯ ಪೆಟ್ಟಿಗೆ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ. ಅದರ ಮೇಲೆ ಕಂಬಳಿ ಮುಚ್ಚಿ ಪಕ್ಕದಲ್ಲಿ ಮಲಗುತ್ತಿದ್ದಳು. ನಾನು ಬಾಗಿಲಿನವಳು, ಹಾಗಾಗಿ ಯಾರೂ ಗಟ್ಟಿಯಾಗಿ ಏನೂ ಅನ್ನುತ್ತಿರಲಿಲ್ಲ.

ಮಧ್ಯಾಹ್ನ ಆ ಹೆಂಗಸು ಬಂದಳು. "ಜಾಗ ಇಲ್ಲ. ಕೆಳಗಿನ ಸುರಂಗಕ್ಕೆ ಹೋಗಿ," ಅಂದೆ. ಅವಳು ನನ್ನ ಭುಜದ ಮೇಲಿಂದ ಒಳಗೆ ನೋಡಿದಳು. ಕಂಬಳಿಯ ಕೆಳಗೆ ಯಂತ್ರದ ಕಬ್ಬಿಣದ ಕಾಲು ಕಾಣುತ್ತಿತ್ತು. ಆಮೇಲೆ ಒಂದು ಮಾತು ಹೇಳಿದಳು. ಅದನ್ನು ಇಲ್ಲಿ ಬರೆಯಲಾರೆ. ನಾನು ಆಗುವುದಿಲ್ಲ ಎಂದು ತಲೆಯಾಡಿಸಿದೆ. ನನ್ನ ಪಾಲಿನ ರೊಟ್ಟಿಯನ್ನು ಮುರಿದು ಅರ್ಧ ಹುಡುಗಿಯ ಕೈಗೆ ಕೊಟ್ಟೆ. ಅವರು ಹೊರಟರು.

ಹತ್ತು ನಿಮಿಷಕ್ಕೆ ಶೆಲ್ ಬಿತ್ತು. ಹೋಗಿ ನೋಡಲಿಲ್ಲ. ಮರುದಿನ ನೀರಿಗೆ ಹೋದವರು ಹೇಳಿದರು, ತಿರುವಿನಲ್ಲಿ ನೀಲಿ ತಲೆವಸ್ತ್ರದವಳೊಬ್ಬಳು ಮಗುವಿನ ಜೊತೆ. ಹುಡುಗಿಯ ಬಗ್ಗೆ ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

"ಏನೇ ಅಷ್ಟೊಂದು ಬರೀತಿದೀಯ?" ಅಂತ ಅಮ್ಮ ಅಡುಗೆಮನೆಯಿಂದ ಕೂಗಿದಳು.

"ಕೈಪಿಡಿ," ಅಂದೆ.

ಸೆಪ್ಟೆಂಬರ್ 8, ಗುರುವಾರ

ಒನೊರಿನಾಳನ್ನು ನೋಡಿದೆ. ಇಪ್ಪತ್ತೊಂಬತ್ತು ವರ್ಷ, ಗಟ್ಟಿ ಆಳು, ಬಿಸಿಲಿಗೆ ಕಂದಿದ ಮುಖ, ದಿನವಿಡೀ ಮಾತಾಡಿ ಒಡೆದ ಗಂಟಲು. ಪ್ರವಾಸಿಗಳನ್ನು ಅಂಚೆಚೀಟಿ ಅಂಗಡಿಗೆ ನುಗ್ಗಿಸಿ ಬಂದು ನನ್ನ ಎದುರು ಕುಸಿದು ಕೂತಳು. "ಅರ್ಧ ಗಂಟೆ ಬಿಡುವು ಟೀಚರ್. ನಮ್ಮ ಕುರಿಗಳು ಈಗ ಮೇಯ್ತಾ ಇವೆ."

ಬಿಳಿ ಪಟ್ಟಿಯ ಹುಡುಗಿಯ ಬಗ್ಗೆ ತಾನಾಗಿಯೇ ಹೇಳಿದಳು. "ಆ ಅಕ್ಕನ ಮುಖ ನೆನಪಿಲ್ಲ. ಕೈ ನೆನಪಿದೆ. ನಡುಗ್ತಿತ್ತು. ಪಾಪ, ಅವಳಿಗೂ ಹಸಿವಿತ್ತೇನೋ. ಆದ್ರೂ ಕೊಟ್ಳು. ಆಮೇಲೆ ಅಮ್ಮ ಬಿದ್ದಳಲ್ಲ, ಸಂಜೆವರೆಗೂ ಆ ರೊಟ್ಟಿ ನನ್ನ ಮುಷ್ಟೀಲೇ ಇತ್ತು."

ಅವಳನ್ನು ಸಾಕಿದ್ದು ಅಪ್ಪನ ಕಡೆಯ ಒಬ್ಬ ಸೋದರತ್ತೆ. ಒನೊರಿನಾಳ ಅಮ್ಮನನ್ನು ಮದುವೆಯ ದಿನ ಬಿಟ್ಟರೆ ಆಕೆ ನೋಡಿದ್ದೇ ಇಲ್ಲವಂತೆ. ಯುದ್ಧಕ್ಕೆ ಹೋದ ಅಪ್ಪ ರಷ್ಯಾದಿಂದ ಹಿಂತಿರುಗಲಿಲ್ಲ. ಮನೆ ಸುಟ್ಟುಹೋಯಿತು, ಅದರೊಟ್ಟಿಗೆ ಫೋಟೊಗಳೂ.

"ಏಳು ವರ್ಷದಿಂದ ಈ ಬಸ್ಸಲ್ಲಿ ಬರ್ತಿದೀನಿ," ಅಂದಳು. "ಸಿಕ್ಕಿದೋರನ್ನೆಲ್ಲ ಕೇಳ್ತೀನಿ, ಆ ಹುಡುಗಿ ಯಾರು ಅಂತ. ರೊಟ್ಟಿಗೆ ಥ್ಯಾಂಕ್ಸ್ ಹೇಳೋಕಲ್ಲ. ಅಮ್ಮ ಬಾಗಿಲಲ್ಲಿ ಅವಳ ಹತ್ರ ಏನೋ ಹೇಳಿದ್ಳು. ತಲೆ ಮೇಲೆ ಅಮ್ಮನ ದನಿ ಕೇಳ್ತಿತ್ತು ನನಗೆ, ಮಾತು ಮಾತ್ರ ನೆನಪಿಗೆ ಬರ್ತಿಲ್ಲ. ಅದೇ ಅವಳು ಆಡಿದ ಕಡೇ ಮಾತು. ಅದು ಏನು ಅಂತ ಗೊತ್ತಾದ್ರೆ ಸಾಕು."

"ಬರಕೊಳ್ಳಿ ಟೀಚರ್," ಅಂದಳು ಆಮೇಲೆ. ಪೆನ್ನಿನ ಮುಚ್ಚಳವನ್ನೇ ನಾನಿನ್ನೂ ತೆಗೆದಿರಲಿಲ್ಲ.

ಸೆಪ್ಟೆಂಬರ್ 13, ಮಂಗಳವಾರ

ಮೊದಲ ಪುಟ ಬರೆದು ಕೊಟ್ಟೆ. ಬಾಗಿಲು, ಬಿಳಿ ಪಟ್ಟಿ, ರೊಟ್ಟಿ. ಸೆತ್ತಿಮಿಯೊ ನಿಂತಲ್ಲೇ ಓದಿ, "ನೀನು ಮೇಷ್ಟರಗಿತ್ತಿ ಆಗಿದ್ದು ನಾಡಿಗೆ ನಷ್ಟ," ಅಂದ. ಮೇಲೆ ಅವನು ಹೇಳಿದ ಸಾಲು; ಅದರ ಕೆಳಗೆ ನಾನು ಬರೆದದ್ದರಲ್ಲಿ ಒಂದೇ ಒಂದು ಸುಳ್ಳು ಪದವೂ ಇಲ್ಲ. ಹುಡುಕಿ ನೋಡಿದ್ದೇನೆ.

ಸಂಜೆ ಅಮ್ಮನೊಂದಿಗೆ ಜಗಳ. ಮೊದಲು ಸಾರಿನ ಉಪ್ಪಿನ ವಿಷಯಕ್ಕೆ, ಆಮೇಲೆ ಹೊಲಿಗೆ ಯಂತ್ರದ ವಿಷಯಕ್ಕೆ.

"ನನ್ನ ಮೇಲೆ ಯಾಕೆ ಹರಿಹಾಯ್ತೀಯ?" ಅಂದಳು. "ಆ ಮಿಷನ್ ರಸ್ತೇಲಿ ಬಿಟ್ಟಿದ್ರೆ ಯುದ್ಧ ಮುಗಿದ ಮೇಲೆ ನಾವು ಏನು ತಿಂತಿದ್ವಿ? ಯಾವನ ಮನೆ ಬಟ್ಟೆ ಒಗೀತಿದ್ದೆ ನೀನು? ಹೊಲಿದು ಹೊಲಿದು ನಿನ್ನನ್ನ ಟೀಚರ್ ಮಾಡಿದೀನಿ. ನನ್ನ ಬೆರಳು ನೋಡು."

ನೋಡಿದೆ. ನಿಜವೇ. ಅವಳು ಹೇಳುವುದರಲ್ಲಿಯೂ ಒಂದೂ ಸುಳ್ಳಿಲ್ಲ.

ಸೆಪ್ಟೆಂಬರ್ 17, ಶನಿವಾರ

ಅಡುಗೆಮನೆಗೆ ಹೋದರೂ, ಅಂಗಳಕ್ಕೆ ಹೋದರೂ ಆ ಹೆಂಗಸಿನ ಮಾತು ಕೇಳಿಸುತ್ತದೆ. ಆ ಹಳ್ಳಿಯವರು ಮಾತನ್ನು ಕೊನೆಗೆ ಎಳೆಯುವ ಹಾಗೆಯೇ, ಅದೇ ಎಳೆತದಲ್ಲಿ. ಮೊದಲೆಲ್ಲ ಅವಳು ಕಾಣುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಸೆಪ್ಟೆಂಬರ್ 22, ಗುರುವಾರ

ಬೊರ್ಗೊಗೆ ಇಳಿದು ಬಸ್ಸಿಗೆ ಕಾದೆ. ಒನೊರಿನಾ ದೂರದಿಂದಲೇ ಕೈ ಬೀಸಿದಳು. ಚೀಲದಿಂದ ಎರಡು ಅಂಜೂರ ತೆಗೆದು ಕೊಟ್ಟಳು, ಸೋದರತ್ತೆಯ ಹಿತ್ತಿಲಿನದ್ದಂತೆ. "ಯಾರಾದ್ರೂ ಸಿಕ್ಕಿದ್ರಾ ಟೀಚರ್? ನೀವು ಊರಿನವರು, ನಿಮ್ಮನ್ನ ಕೇಳಿದ್ರೆ ಜನ ಹೇಳ್ತಾರೆ."

"ವಿಚಾರಿಸ್ತಾ ಇದೀನಿ," ಅಂದೆ.

ಅವಳ ಮುಖ ನೋಡಿ ನಾನು ಆಡಿದ ಮೊದಲ ಸುಳ್ಳು ಅದು. ಮುಂದಿನ ಗುರುವಾರ ಈ ಋತುವಿನ ಕೊನೆಯ ಬಸ್ಸಂತೆ. ಆಮೇಲೆ ವಸಂತದವರೆಗೆ ಇಲ್ಲ.

ಅಂಜೂರವನ್ನು ಅಮ್ಮನಿಗೆ ಕೊಟ್ಟೆ. ಎಲ್ಲಿಯದು ಅಂದಳು. ಹೇಳಿದೆ. ಅವಳೂ ತಿನ್ನಲಿಲ್ಲ.

ಸೆಪ್ಟೆಂಬರ್ 29, ಗುರುವಾರ

ಹೇಳಿದೆ.

ಮಂಜು ದಟ್ಟವಾಗಿತ್ತು. ಸಮುದ್ರ ಕಾಣದೆ ಪ್ರವಾಸಿಗಳು ಗೊಣಗುತ್ತ ಕಾಫಿ ಅಂಗಡಿಯಲ್ಲಿ ಕೂತಿದ್ದರು. "ನನ್ನ ಜೊತೆ ಸ್ವಲ್ಪ ದೂರ ಬಾ," ಅಂತ ಒನೊರಿನಾಳನ್ನು ಸುರಂಗದ ಬಾಯಿಗೆ ಕರೆದುಕೊಂಡು ಹೋದೆ. ಹಳಿ ಕಿತ್ತ ಜಾಗದಲ್ಲಿ ಮುಳ್ಳುಗಿಡ ಬೆಳೆದಿದೆ. ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು.

"ಆ ಹುಡುಗಿ ನಾನು," ಅಂದೆ.

ಅವಳ ಮುಖ ಅರಳಿತು. ಅದೊಂದನ್ನು ತಡೆದುಕೊಳ್ಳಲಾಗಲಿಲ್ಲ ನನಗೆ. ನನ್ನ ಎರಡೂ ಕೈ ಹಿಡಿಯಲು ಬಂದಳು, ನಾನು ಹಿಂದೆ ಸರಿದೆ. "ಪೂರ್ತಿ ಕೇಳು. ನಾನು ಜಾಗ ಇಲ್ಲ ಅಂದೆ. ಜಾಗ ಇತ್ತು. ನಮ್ಮ ಹೊಲಿಗೆ ಮಿಷನ್ ಇಟ್ಟಿದ್ವಿ ಅಲ್ಲಿ. ನಿಮ್ಮಮ್ಮ ಅದನ್ನ ನೋಡಿದ್ಳು. ನೋಡಿ ಹೇಳಿದ್ದು ಇಷ್ಟು: ನನ್ನನ್ನ ಬಿಡಿ, ಮಕ್ಕಳನ್ನಾದ್ರೂ ಇಟ್ಕೊಳ್ಳಿ, ಅವು ಜಾಗ ತಿನ್ನಲ್ಲ. ನಾನು ಅದಕ್ಕೂ ಆಗಲ್ಲ ಅಂದೆ."

ಅವಳು ಸುರಂಗದ ಕತ್ತಲೆಯ ಕಡೆ ತಿರುಗಿ ನಿಂತಳು. ಆಮೇಲೆ, "ಅವಳು ಹೇಳಿದ ಹಾಗೇ ಹೇಳಿ. ನಮ್ಮೂರ ಥರ," ಅಂದಳು.

ಕೊನೆಯ ಪದವನ್ನು ಎಳೆದು, ಅವಳ ಅಮ್ಮ ಹೇಳಿದ ಹಾಗೆಯೇ ಹೇಳಿದೆ.

"ಇನ್ನೊಂದ್ಸಲ."

ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಮೂರನೇ ಸಲವೂ ಹೇಳಿಸಿದಳು.

"ಆ ಮಿಷನ್ ಇದ್ದ ಜಾಗದಲ್ಲಿ ಎಷ್ಟು ಜನ ಹಿಡೀತಿದ್ರು?"

"ಕೂತ್ರೆ ನಾಲ್ಕು ಜನ."

"ನಾವು ಮೂವರೇ ಇದ್ವಿ," ಅಂದಳು. ಗೋಡೆಗೆ ಹೇಳುವ ಹಾಗೆ. ನನ್ನನ್ನು ಬೈಯಲಿಲ್ಲ, ಅಳಲೂ ಇಲ್ಲ. ಕೈಗಡಿಯಾರ ನೋಡಿಕೊಂಡು, "ಬಸ್ಸು ಹೊರಡೋ ಹೊತ್ತಾಯ್ತು," ಎಂದು ಮಂಜಿನಲ್ಲಿ ನಡೆದು ಹೋದಳು. ಸ್ವಲ್ಪ ಹೊತ್ತಿಗೆ ಕೆಳಗೆ ಅವಳು ಪ್ರವಾಸಿಗಳ ತಲೆ ಎಣಿಸುವುದು ಕೇಳಿಸಿತು. ಎಣಿಕೆ ಎರಡು ಸಲ ತಪ್ಪಿತು.

ಸೆಪ್ಟೆಂಬರ್ 30, ಶುಕ್ರವಾರ

ಬೆಳಿಗ್ಗೆ ಸೆತ್ತಿಮಿಯೊನ ಕಚೇರಿಗೆ ಹೋಗಿ ಮೊದಲ ಪುಟ ವಾಪಸು ಕೇಳಿದೆ. ಕಾರಣ ಹೇಳಿದೆ. ಅವನು ಎದ್ದು ಬಾಗಿಲು ಮುಚ್ಚಿ ಬಂದು ಕೂತ.

"ಹತ್ತೊಂಬತ್ತು ವರ್ಷದ ಹುಡುಗಿ ನೀನು. ಒಂದು ಲಕ್ಷ ಜನಕ್ಕೆ ಅನ್ನ ಹಾಕಿದೀವಿ ಡೆಲ್ಫಿನಾ. ಆ ಸಾಲು ಸುಳ್ಳಲ್ಲ."

"ಒಂದು ಲಕ್ಷ ಸುಳ್ಳಲ್ಲ. ಯಾರಿಗೂ ಅನ್ನೋದು ಸುಳ್ಳು."

"ಒಂದು ಪದಕ್ಕೋಸ್ಕರ..."

"ಹೂಂ. ಆ ಒಂದು ಪದ ತೆಗಿ. ಇಲ್ಲದಿದ್ರೆ ನನ್ನ ಹೆಸರು ತೆಗಿ."

ಸಿಗರೇಟು ಹಚ್ಚಿ, ಆರಿಸಿ, ಮತ್ತೆ ಹಚ್ಚಿದ. ಕೊನೆಗೆ ಆ ಪುಟವನ್ನೇ ತೆಗೆದುಬಿಡುತ್ತೇನೆ ಅಂದ. ಪುಸ್ತಕ ವಿಸ್ತೀರ್ಣದಿಂದಲೇ ಶುರುವಾಗಲಿ ಅಂದ. ಸುರಂಗದ ದಾರಿಯಲ್ಲೇ ಮನೆಗೆ ಬಂದೆ. ಹನಿ ಬೀಳುತ್ತಿತ್ತು, ಕೊಡೆ ಒಯ್ದಿರಲಿಲ್ಲ.

ಅಮ್ಮನಿಗೂ ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕುರ್ಚಿಯಲ್ಲಿ ಕೂತು ಮಡಿಲಿನಲ್ಲಿ ಕೈ ಇಟ್ಟುಕೊಂಡಳು.

"ನನಗೂ ಕೇಳಿಸಿತ್ತು ಕಣೇ," ಅಂದಳು. "ಆವತ್ತು. ಮಕ್ಕಳನ್ನಾದ್ರೂ ಅಂದಿದ್ದು. ನಾನು ನಿದ್ದೆ ಬಂದೋಳ ಥರ ಗೋಡೆ ಕಡೆ ತಿರುಗಿಕೊಂಡೆ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಅದೇ ಮಾತನ್ನು ಬೇರೆ ಬೇರೆ ಕೇಳಿಸಿಕೊಂಡು ಬದುಕಿದೆವು.

ಆಮೇಲೆ, "ಆ ಹುಡುಗಿಗೆ ಮದುವೆ ಆಗಿದೆಯಾ?" ಅಂದಳು. ಗೊತ್ತಿಲ್ಲ ಅಂದೆ.

ಅಕ್ಟೋಬರ್ 6, ಗುರುವಾರ

ಶಾಲೆ ಶುರುವಾಗಿದೆ. ಮೂವತ್ತೊಂದು ಮಕ್ಕಳು, ಅದರಲ್ಲಿ ಐದು ಜನಕ್ಕೆ ಗುಣಾಕಾರ ಪೂರ್ತಿ ಮರೆತಿದೆ. ಸಂಜೆ ಬೊರ್ಗೊ ಸಂತೆ, ಒಂದು ಮೊಳ ದೂರದವರ ಮುಖವೂ ಕಾಣದಷ್ಟು ಮಂಜು. ಈರುಳ್ಳಿ, ಕ್ಯಾಬೇಜು, ಅಮ್ಮನಿಗೆ ಉಣ್ಣೆಯ ಕಾಲುಚೀಲ ತಂದೆ.

ಅಕ್ಟೋಬರ್ 9, ಭಾನುವಾರ

ಹನ್ನೊಂದು ಗಂಟೆಗೆ ಯಾರೋ ಬಾಗಿಲು ತಟ್ಟಿದರು. ಒನೊರಿನಾ. ಸಾಮಾನ್ಯ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು.

"ನಿಮ್ಮನ್ನ ಕ್ಷಮಿಸೋಕೆ ಬಂದಿಲ್ಲ," ಅಂದಳು ಹೊರಗೇ ನಿಂತು. "ಅದು ನನ್ನ ಕೈಲಿ ಆಗುತ್ತೋ ಇಲ್ವೋ ಗೊತ್ತಿಲ್ಲ. ಅಮ್ಮನ್ನ ಕಡೇದಾಗಿ ನೋಡಿದೋರು ನೀವು. ಬೇರೆ ಯಾರೂ ಇಲ್ಲ ನನಗೆ. ಕೇಳೋದಿದೆ."

ಅಡುಗೆಮನೆಯ ಮೇಜಿನ ಎದುರು ಕೂತಳು. ಅಮ್ಮ ಅವಳ ಮುಂದೆ ಸಾರಿನ ಬಟ್ಟಲು ಇಟ್ಟು ಒಲೆಯ ಪಕ್ಕ ನಿಂತಳು. ಒನೊರಿನಾ ಸಾರು ಮುಟ್ಟಲಿಲ್ಲ. ಕಾಗದದಲ್ಲಿ ಪ್ರಶ್ನೆಗಳನ್ನು ಬರೆದು ತಂದಿದ್ದಳು.

ಅಮ್ಮ ಎತ್ತರವಿದ್ದಳಾ? ನನಗಿಂತ ಒಂದು ಗೇಣು. ತಲೆವಸ್ತ್ರ ಯಾವ ನೀಲಿ? ಒಗೆದು ಒಗೆದು ಬಿಳಿಚಿದ ನೀಲಿ, ಅಂಚಿಗೆ ಬಿಳಿ ಚುಕ್ಕಿ. ಕಾಲಲ್ಲಿ ಏನಿತ್ತು? ಗಂಡಸರ ಬೂಟು, ದಾರದಿಂದ ಬಿಗಿದದ್ದು. "ಅಪ್ಪಂದು," ಅಂದಳು ಒನೊರಿನಾ. ಅಳುತ್ತಿದ್ದಳಾ? ಇಲ್ಲ. ಕೋಪವಿತ್ತಾ? ಇತ್ತು. ಮುಂಗುರುಳು? ಬಲಗಡೆ, ಬೆವರಿಗೆ ಅಂಟಿಕೊಂಡಿತ್ತು. ತಮ್ಮ ಎಚ್ಚರವಾಗಿದ್ದನಾ? ನಿದ್ದೆ ಮಾಡುತ್ತಿದ್ದ, ಬಾಯಿ ತೆರೆದುಕೊಂಡು.

ಒಂದೂ ತಡವರಿಸದೆ ಹೇಳಿದೆ. ಅರ್ಧ ನಿಮಿಷ ಕಂಡ ಮುಖ. ಇಷ್ಟು ವರ್ಷ ಬರೀ ಬೆನ್ನು ಕಾಣುತ್ತಿತ್ತು ಅಂದುಕೊಂಡಿದ್ದೆ. ಹುಬ್ಬಿನ ಮೇಲಿನ ಗಾಯದ ಗುರುತಿನವರೆಗೆ ಎಲ್ಲ ನನ್ನೊಳಗೇ ಇತ್ತು. ಆ ಗುರುತನ್ನು ಹೇಳಿದಾಗ ಒನೊರಿನಾ ಬರೆಯುವುದನ್ನು ನಿಲ್ಲಿಸಿದಳು. "ಇದು ನನಗೆ ಗೊತ್ತೇ ಇರಲಿಲ್ಲ," ಅಂದಳು.

ಎರಡು ಗಂಟೆ ಹೀಗೇ ಕಳೆಯಿತು. ಸಾರು ಆರಿತು, ಅಮ್ಮ ಬಿಸಿ ಮಾಡಿ ತಂದಿಟ್ಟಳು, ಮತ್ತೆ ಆರಿತು.

ಕೊನೆಯ ಪ್ರಶ್ನೆ ಕಾಗದದಲ್ಲಿ ಇರಲಿಲ್ಲ. "ನಾನು ಅವಳ ಲಂಗ ಹಿಡ್ಕೊಂಡಿದ್ನಾ, ಅವಳು ನನ್ನ ಕೈ ಹಿಡ್ಕೊಂಡಿದ್ಳಾ?"

"ಅವಳೇ ಹಿಡ್ಕೊಂಡಿದ್ಳು. ಮಗು ಬಲಗಡೆ ಕಂಕುಳಲ್ಲಿತ್ತು. ಎಡಗೈಲಿ ನಿನ್ನ ಬಲಗೈ. ಮಣಿಕಟ್ಟಿನ ಮೇಲಿಂದ, ಗಟ್ಟಿಯಾಗಿ. ರೊಟ್ಟಿ ಕೊಟ್ಟಾಗ ನೀನು ಈ ಕೈ ಬಿಡಿಸ್ಕೊಳ್ಳೋಕೆ ನೋಡಿದೆ, ಅವಳು ಬಿಡಲಿಲ್ಲ. ನೀನು ಎಡಗೈಲೇ ಇಸ್ಕೊಂಡೆ."

ಒನೊರಿನಾ ತನ್ನ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಮಣಿಕಟ್ಟನ್ನೇ ನೋಡುತ್ತ ಕೂತಳು. ಮಧ್ಯಾಹ್ನದ ಬಸ್ಸು ಹಾರ್ನ್ ಹೊಡೆದು ಹೋಯಿತು. ಅವಳು ಎಡಗೈಯಿಂದ ಚಮಚ ಎತ್ತಿ ತಣ್ಣಗಾದ ಸಾರು ಕುಡಿಯತೊಡಗಿದಳು. ಬಲಗೈ ಇದ್ದಲ್ಲೇ ಇತ್ತು.